ಪಾದ್ರಿಗಳೂ ದಾಸರ ಪದಗಳೂ

ರಾಯಚೂರು ಜಿಲ್ಲೆಯ ದೇವದುರ್ಗದ ಸೀಮೆಯಲ್ಲಿ ಮಸರಕಲ್ಲು ಎಂಬುದೊಂದು ಹಳ್ಳಿಯುಂಟು. ಹಳಬರ ಬಾಯಲ್ಲಿ ಅದು ಮೊಸರಕಲ್ಲು. 18ನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಭಾಗಣ್ಣನೆಂಬವನು ಹುಟ್ಟಿ, ವಿಜಯದಾಸರ ಶಿಷ್ಯನಾಗಿ, ಗೋಪಾಲವಿಠಲನೆಂಬ ಅಂಕಿತವನ್ನು ಪಡೆದು, ಗೋಪಾಲದಾಸರೆಂದು ಪ್ರಸಿದ್ಧನಾದನು. ಅದೇ ಸೀಮೆಯ ಮಾನ್ವಿಯ ಕಡೆ ಶ್ರೀನಿವಾಸಾಚಾರ್ಯರೆಂಬ ಘನ ಸಂಸ್ಕೃತ ಪಂಡಿತರಿದ್ದರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರನ್ನು ಕಂಡರೆ ಅವರಿಗೆ ತಾತ್ಸಾರ. ಮುಂದೆ ಅವರಿಗೆ ಕಠಿಣವಾದ ಉದರವ್ಯಾಧಿಯು ಬಂದಿತೆಂದೂ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದು ಉಳಿಸಿದರೆಂದೂ ಪರಂಪರೆಯು ಹೇಳುತ್ತದೆ. ಆ ಪಂಡಿತರೇ ಜಗನ್ನಾಥದಾಸರಾಗಿ ಕನ್ನಡದಲ್ಲಿ ಹರಿಕಥಾಮೃತಸಾರವನ್ನು ಬರೆದರು. ಆಯುಷ್ಯದ ದಾನವನ್ನು ನಂಬುವುದೂ ಬಿಡುವುದೂ ಅವರವರ ಭಾವಕ್ಕೆ ಸೇರಿದ್ದು. ಆದರೆ ವಿದ್ವಾಂಸನೊಬ್ಬನು ತಾನು ಹಗುರವಾಗಿ ಕಂಡ ಭಾಷೆಯ ಮುಂದೆ ತಲೆಬಾಗಿ, ಅದರಿಂದಲೇ ಬದುಕಿದನೆಂಬ ಮಾತು ಮಾತ್ರ ಕೇವಲ ಕಥೆಯಲ್ಲ.

ಇಂದು ನಾವು ಹೇಳಹೊರಟಿರುವುದು ದಾಸರ ಚರಿತ್ರೆಯನ್ನಲ್ಲ, ಕ್ರೈಸ್ತ ಪಾದ್ರಿಗಳ ಚರಿತ್ರೆಯನ್ನು. ಆದರೂ ಮಸರಕಲ್ಲಿನಿಂದ ಆರಂಭಿಸಿದುದಕ್ಕೆ ಕಾರಣವಿದೆ. ದಾಸರ ಪದಗಳನ್ನು ಮೊಟ್ಟಮೊದಲು ಕೂಡಿಸಿ ಅಚ್ಚುಹಾಕಿಸಿದವನು ಮಠದ ಸ್ವಾಮಿಯಲ್ಲ, ಊರಿನ ಶಾಸ್ತ್ರಿಯಲ್ಲ, ಜರ್ಮನಿಯಿಂದ ಸುವಾರ್ತೆಯನ್ನು ಸಾರಲು ಬಂದ ಒಬ್ಬ ಪಾದ್ರಿ. ಇದನ್ನು ಮೊದಲು ತಿಳಿದಾಗ ನಮಗೆ ಸಂತೋಷಕ್ಕಿಂತ ಗಲಿಬಿಲಿಯೇ ಹೆಚ್ಚಾಯಿತು. ಜನರನ್ನು ತನ್ನ ಮತಕ್ಕೆ ಕರೆಯಲು ಬಂದವನು ಅವರ ಭಕ್ತಿಯ ಹಾಡುಗಳನ್ನೇಕೆ ಕಾಪಾಡಬೇಕು?

ಕನ್ನಡ ನಾಡಿನಲ್ಲಿ ಕ್ರೈಸ್ತಮತವು ಹೊಸದೇನಲ್ಲ. ಮಸರಕಲ್ಲಿನ ಜಿಲ್ಲೆಯೊಳಗೇ ಇರುವ ಮುದಗಲ್ಲಿನಲ್ಲಿ, ಗೋವೆಯಿಂದ ಬಂದ ಪಾದ್ರಿಗಳ ಕಾಲದಿಂದ ನೆಲೆನಿಂತ ರೋಮನ್ ಕ್ಯಾಥೋಲಿಕರ ಸಭೆಯೊಂದು ಬಿಜಾಪುರದ ಆದಿಲಶಾಹಿಗಳ ರಾಜ್ಯವನ್ನೂ ನಿಜಾಮರ ರಾಜ್ಯವನ್ನೂ ಕಂಡಿದೆ. ತುಂಗಭದ್ರೆಯ ಆಚೆಯ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಂದರು. ಇಪ್ಪತ್ತು ವರ್ಷಗಳ ದುಡಿಮೆಯ ಫಲವಾಗಿ, 1830ರ ಆಚೀಚೆಗೆ, ಕನ್ನಡದಲ್ಲಿ ಪೂರ್ಣ ಬೈಬಲ್ ಸಿದ್ಧವಾಯಿತು. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷು–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷು ಕೋಶವನ್ನೂ ಪ್ರಕಟಿಸಿದರು.

ನಮ್ಮಂತೆ ಇಂಗ್ಲಿಷು ಓದಿದವರಿಗೆ ಬೈಬಲಿನ ಪರಿಚಯವಾಗುವುದು ಬಹುಮಟ್ಟಿಗೆ ಮಿಲ್ಟನ್ನನ ಮೂಲಕ. ಕನ್ನಡ ಬೈಬಲನ್ನು ನಾವು ತೆರೆದದ್ದು ಎಷ್ಟೋ ವರ್ಷಗಳ ಮೇಲೆ. ಅದೂ, ನಾಚಿಕೆಯಿಂದ ಹೇಳಬೇಕಾಗಿದೆ, ಅದರ ಭಾಷೆಯನ್ನು ನೋಡಿ ನಗುವುದಕ್ಕೆ. ಆದರೆ ಒಂದೊಂದು ಪದದ ಹಿಂದಿರುವ ತೊಡಕನ್ನು ಯೋಚಿಸುತ್ತ ಹೋದಂತೆ ನಗೆ ತಾನಾಗಿ ನಿಂತಿತು. ಮನುಷ್ಯನು ಮತ್ತೆ ಹುಟ್ಟಬೇಕೆಂಬುದು ಯೇಸುವು ನಿಕೊದೇಮನಿಗೆ ಹೇಳಿದ ಉಪದೇಶ. ಇದನ್ನು ಪುನರ್ಜನ್ಮವೆಂದು ಕನ್ನಡದಲ್ಲಿ ಸಾರಿದರೆ ಕೇಳುವವನ ಗತಿಯೇನು? ಯಾವ ಜನ್ಮಾಂತರಗಳ ಸುಳಿಯಿಂದ ಬಿಡುಗಡೆಯಾಗಲೆಂದು ಅವನು ಹಗಲಿರುಳು ಬೇಡುತ್ತಿರುವನೋ, ಅದನ್ನೇ ಈ ಪಾದ್ರಿಯು ವರವಾಗಿ ಕೊಡಬಂದಂತಾಯಿತು! ಆದುದರಿಂದ ಹೊಸದಾಗಿ ಹುಟ್ಟುವುದೆಂದು ಹೇಳಬೇಕಾಯಿತು. ಅವತಾರವೆಂದರೆ ಹತ್ತರೊಡನೆ ಹನ್ನೊಂದಾಗುವ ಭಯ. ಬಲಿ ಎಂದರೆ ಮಾರಿಯ ಜಾತ್ರೆಯ ಕೋಣದ ನೆನಪು. ಪಶ್ಚಾತ್ತಾಪವೆಂದರೆ ಆದುದಕ್ಕಾಗಿ ಬೇಯುವುದಷ್ಟೆ. ಮೂಲದ ಗ್ರೀಕ್ ಪದಕ್ಕಾದರೋ ಮನಸ್ಸೇ ಬೇರೊಂದಾಗುವುದೆಂಬ ಅರ್ಥವಿದೆ. ಅದಕ್ಕಾಗಿ ಕನ್ನಡ ಕ್ರೈಸ್ತರಲ್ಲಿ ಮಾನಸಾಂತರವೆಂಬ ಮಾತು ಬಳಕೆಗೆ ಬಂದಿತು. ಬಹಳ ಒಳ್ಳೆಯ ಮಾತು. ಹೀಗೆ ಪದಪದಕ್ಕೂ ನಿಂತು, ತಾನು ನಂಬಿರುವುದು ನಿಜವಾಗಿ ಏನೆಂದು ತನ್ನನ್ನೇ ಕೇಳಿಕೊಳ್ಳದೆ ಭಾಷಾಂತರಕಾರನು ಒಂದು ಅಧ್ಯಾಯವನ್ನೂ ದಾಟುವಂತಿರಲಿಲ್ಲ. ತನ್ನ ತಾಯ್ನುಡಿಯಲ್ಲಿ ರೂಢಿಯಿಂದ ಸವೆದುಹೋಗಿದ್ದ ಶ್ರದ್ಧೆಯು ಅವನಿಗೆ ಕನ್ನಡದಲ್ಲಿ ಮತ್ತೆ ಪ್ರಶ್ನೆಯಾಗಿ ಎದುರುನಿಂತಿರಬೇಕೆಂದು ನಮಗೆ ತೋರುತ್ತದೆ.

ಇನ್ನು ಆ ಜರ್ಮನ್ ಪಾದ್ರಿಯ ವಿಷಯ. ಹೆರ್ಮನ್ ಮೋಗ್ಲಿಂಗರು ಹುಟ್ಟಿದ್ದು 1811ರಲ್ಲಿ, ವ್ಯುರ್ಟೆಂಬರ್ಗಿನ ಬ್ರಾಕೆನ್‌ಹೈಮಿನಲ್ಲಿ, ಓದಿದ್ದು ಟ್ಯೂಬಿಂಗನ್ನಿನಲ್ಲಿ. 1836ರಲ್ಲಿ ಬಾಸೆಲ್ ಮಿಶನ್ನಿನ ಕಡೆಯಿಂದ ಮಂಗಳೂರಿಗೆ ಬಂದರು. 1843ನೆಯ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ವೃತ್ತಪತ್ರಿಕೆಯೆಂಬುದು ಎಲ್ಲರೂ ಬಲ್ಲ ವಿಷಯ. ಅಷ್ಟಾಗಿ ತಿಳಿಯದಿರುವುದು ಅವರ ಶಾಲೆಯ ಸಂಗತಿ. ಬಂಗಲೆಯಲ್ಲಿದ್ದುಕೊಂಡು ಹುಡುಗರಿಗೆ ಪಾಠ ಹೇಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ವಿದ್ಯಾರ್ಥಿಗಳೊಡನೆಯೇ ವಾಸ, ಅವರ ಅನ್ನವೇ ಊಟ, ಈ ನಾಡಿನ ಉಡುಗೆಯೇ ಉಡುಗೆ ಎಂಬ ಕ್ರಮವನ್ನು ಹಿಡಿದರು. ಗಾಟ್‌ಫ್ರೀಡ್ ವೈಗ್ಲೆ ಎಂಬ ಕನ್ನಡ ಪ್ರೇಮಿ ಅವರ ಸಂಗಡಿಗ. ಬೋಧಕನೂ ಶಿಷ್ಯನೂ ಒಂದೇ ಚಾಪೆಯ ಮೇಲೆ ಕುಳಿತು ಉಣ್ಣುವುದು ಇಂದು ಸಾಮಾನ್ಯವಾಗಿ ಕಾಣಬಹುದು. ಅಂದಿನ ಐರೋಪ್ಯ ಸಮಾಜದಲ್ಲಿ ಅದು ಮರ್ಯಾದೆಯನ್ನು ಪಣಕ್ಕೊಡ್ಡಿದ ಕೆಲಸವೇ ಸರಿ.

1844ನೆಯ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನವನ್ನು ಪಡೆದರು. ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟು ಹೆರ್ಮನ್ ಆನಂದರಾವ್ ಕೌಂಡಿನ್ಯರೆನಿಸಿದರು. ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಿಶನ್ನಿನ ವರದಿಗಳನ್ನು ಓದುವವರು ಇದನ್ನು ಜಯವೆಂದು ಎಣಿಸುವುದುಂಟು. ಅತ್ತ ಒಂದು ಮನೆಯವರು ಬದುಕಿರುವ ಮಗನಿಗಾಗಿ ಅತ್ತಿರಬೇಕೆಂಬುದನ್ನು ನಾವು ಮರೆಯಲಾರೆವು. ಶ್ರದ್ಧೆಯು ಮನುಷ್ಯನಿಂದ ಎಂಥ ಬೆಲೆಯನ್ನು ಕೇಳಬಹುದೆಂಬುದನ್ನು ಮೋಗ್ಲಿಂಗರು ಆಗ ಹತ್ತಿರದಿಂದಲೇ ನೋಡಿದರು. ಕೌಂಡಿನ್ಯರು ಮುಂದೆ ಬಾಸೆಲಿಗೆ ಹೋಗಿ ಓದಿ, ದೀಕ್ಷಿತ ಬೋಧಕರಾಗಿ ಮರಳಿ, 1893ರಲ್ಲಿ ತೀರಿಕೊಳ್ಳುವವರೆಗೂ ಈ ನಾಡಿನಲ್ಲಿಯೇ ದುಡಿದರು.

ಇದಾದ ಕೆಲವು ವರ್ಷಗಳಲ್ಲಿಯೇ ಮೋಗ್ಲಿಂಗರು ಕನ್ನಡ ಗ್ರಂಥಗಳ ಮಾಲೆಯನ್ನು ಕೈಗೆತ್ತಿಕೊಂಡರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದು ನೀಲಗಿರಿಯಲ್ಲಿ ನೆಲಸಿದ್ದ ಕೆಸಮೇಜರ್ ಎಂಬ ಉದಾರಿಯ ಹಣದ ನೆರವಿತ್ತು. ಮಂಗಳೂರಿನ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ, ಬಸವಪುರಾಣ ಮುಂತಾದುವು ಒಂದೊಂದಾಗಿ ಹೊರಬಿದ್ದುವು. 1850ರಲ್ಲಿ ದಾಸರ ಪದಗಳ ಸಂಗ್ರಹವು ಬಂದಿತು. ಪುರಂದರ ಕನಕರೇ ಮೊದಲಾದವರ ನೂರಕ್ಕೂ ಹೆಚ್ಚು ಹಾಡುಗಳು. ಅದುವರೆಗೆ ಅವು ತಂಬೂರಿಯ ಜೊತೆಯಲ್ಲಿ, ಮನೆಯ ಹೆಂಗಸರ ಕಂಠದಲ್ಲಿ, ಅಲ್ಲೊಂದು ಇಲ್ಲೊಂದು ಓಲೆಗರಿಯ ಕಟ್ಟಿನಲ್ಲಿ ಉಳಿದಿದ್ದುವು. ಮೋಗ್ಲಿಂಗರು ಇಷ್ಟಕ್ಕೆ ಸುಮ್ಮನಾಗದೆ ಕೆಲವನ್ನು ಜರ್ಮನ್ ಭಾಷೆಗೆ ಮಾಡಿ, 1860ರಿಂದ ಆಚೆಗೆ ತಮ್ಮ ದೇಶದ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. 1871ರಲ್ಲಿ ಚಾರ್ಲ್ಸ್ ಗೋವರರು ದಕ್ಷಿಣ ಭಾರತದ ಜನಪದ ಗೀತಗಳೆಂದು ಇಂಗ್ಲಿಷಿನಲ್ಲಿ ಪುಸ್ತಕ ಬರೆದಾಗ ಕನ್ನಡದ ಪಾಲಿಗೆ ದೊಡ್ಡ ಸ್ಥಾನವನ್ನು ಪಡೆದುದು ಈ ದಾಸರ ಹಾಡುಗಳೇ.

ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಮೋಗ್ಲಿಂಗರು ದಾಸರ ಮತವನ್ನು ಒಪ್ಪಿದವರಲ್ಲ. ಸರ್ವಮತಗಳೂ ಒಂದೇ ಎನ್ನುವ ಇಂದಿನ ಸುಲಭದ ಮಾತನ್ನು ಅವರ ಬಾಯಲ್ಲಿ ಇಡುವುದು ಅನ್ಯಾಯ. ಜನರ ಅಂತರಂಗವನ್ನು ಅರಿತರೆ ಬೋಧನೆಯು ಫಲಿಸೀತೆಂಬ ಉದ್ದೇಶವೂ ಆ ಪ್ರಕಟಣೆಗಳ ಹಿಂದೆ ಇದ್ದೇ ಇತ್ತು. ಇದನ್ನೇ ಹಿಡಿದು, ಕೋಟೆಯನ್ನು ಮುರಿಯುವವನು ಮೊದಲು ಅದರ ನಕ್ಷೆಯನ್ನು ತೆಗೆಯುತ್ತಾನೆಂದು ಕೆಲವರು ಹೇಳುತ್ತಾರೆ. ಆ ಸಂಶಯಕ್ಕೆ ಕಾರಣವಿಲ್ಲದಿಲ್ಲ. ಆದರೆ ನಕ್ಷೆಗಾಗಿ ಬಂದವನು ಒಂದು ಪದವನ್ನು ತನ್ನ ತಾಯ್ನುಡಿಯ ಛಂದಸ್ಸಿಗೆ ಒಗ್ಗಿಸುತ್ತ ಕುಳಿತುಕೊಳ್ಳುವನೆ? ತನ್ನ ಪಾಪವನ್ನು ತಾನೇ ಎಣಿಸಿ, ಗತಿಯಿಲ್ಲವೆಂದು ಮೊರೆಯಿಟ್ಟು, ಕೃಪೆಯೊಂದೇ ಸಾಕೆಂದು ಬಾಗಿಲಲ್ಲಿ ನಿಲ್ಲುವ ದಾಸನು, ಲೂಥರನ ಪರಂಪರೆಯಲ್ಲಿ ಬೆಳೆದ ಆ ಜರ್ಮನನಿಗೆ ಪೂರ್ತಿಯಾಗಿ ಅನ್ಯನೆಂದು ತೋರಿರಲಾರನು. ತಾನು ತಂದುಕೊಡಬೇಕೆಂದು ಹಡಗು ಹತ್ತಿದ ದೈನ್ಯವು ತನಗಿಂತ ಮುಂಚೆಯೇ ಇಲ್ಲಿಗೆ ಬಂದು, ಕನ್ನಡದಲ್ಲಿ ಹಾಡುತ್ತಿರುವುದನ್ನು ಕಂಡವನ ಮನಸ್ಸು ಮೊದಲಿನಂತೆಯೇ ಉಳಿಯುವುದು ಕಷ್ಟ. ಇದು ನಮ್ಮ ಊಹೆ. ಆದರೆ ಅವರು ಮಾಡಿದ ಕೆಲಸದಿಂದಲೇ ಹುಟ್ಟಿದ ಊಹೆ.

1860ರಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಮರಳಿದರು. 1881ರಲ್ಲಿ ಎಸ್ಲಿಂಗನ್ನಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ದಾರಿಯನ್ನು ಇನ್ನೊಬ್ಬರು ಹಿಡಿದಿದ್ದರು. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ಲರನ್ನು ನಾವೆಲ್ಲರೂ ನಿಘಂಟುಕಾರರೆಂದು ಬಲ್ಲೆವು. 1862ರಲ್ಲಿ ಅವರು ‘ಕಥಾಮಾಲೆ’ ಎಂಬ ಕಾವ್ಯವನ್ನು ಪ್ರಕಟಿಸಿದರೆಂಬುದನ್ನು ಬಲ್ಲವರು ಕಡಮೆ. ಯೇಸುವಿನ ಚರಿತೆಯನ್ನು ಕನ್ನಡದ ದೇಶೀಯ ಛಂದಸ್ಸಿನಲ್ಲಿ, ಹಾಡುವಂತೆ ಹೇಳಿದ ಗ್ರಂಥವದು. ಕಾವ್ಯದ ದೃಷ್ಟಿಯಿಂದ ಅದನ್ನು ಬಹಳವಾಗಿ ಹೊಗಳಲಾರೆವು. ಆದರೆ ಜರ್ಮನ್ ಕೀರ್ತನೆಗಳ ಧಾಟಿಗೆ ಕನ್ನಡ ಮಾತುಗಳನ್ನು ಹೇಗೋ ತುರುಕಿ ಹಾಡಿಸುವುದೇ ವಾಡಿಕೆಯಾಗಿದ್ದಾಗ, ಕನ್ನಡಿಗನ ಕಿವಿಯನ್ನು ಮೊದಲು ವಿಚಾರಿಸಿದ ಆ ನಮ್ರತೆಯನ್ನು ಹೊಗಳದೆ ಇರಲಾರೆವು. ಛಂದಸ್ಸಿನ ಹುಚ್ಚು ಅವರನ್ನು ನಾಗವರ್ಮನ ಛಂದೋಂಬುಧಿಗೂ ಕೇಶಿರಾಜನ ಶಬ್ದಮಣಿದರ್ಪಣಕ್ಕೂ ಎಳೆದೊಯ್ದಿತು. ಕೊನೆಗೆ 1894ರಲ್ಲಿ, ಎಪ್ಪತ್ತು ಸಾವಿರದಷ್ಟು ಪದಗಳ ಆ ಮಹಾಕೋಶವು ಮಂಗಳೂರಿನಲ್ಲಿ ಅಚ್ಚಾಯಿತು. ಎಷ್ಟು ಮಂದಿಯನ್ನು ಸಭೆಗೆ ಸೇರಿಸಿದನೆಂಬ ಲೆಕ್ಕದಿಂದಲೇ ಬೋಧಕನನ್ನು ಅಳೆಯುವವರಿಗೆ ಈ ಬಾಳು ದಾರಿತಪ್ಪಿದಂತೆ ಕಾಣಬಹುದು.

ರಾಯಚೂರಿನ ಸೀಮೆಗೆ ಮುಂದೆ ಅಮೆರಿಕದ ಮೆಥಡಿಸ್ಟರು ಬಂದರು. ಅವರ ಚರಿತ್ರೆಯೇ ಬೇರೆ, ಅದನ್ನು ಇನ್ನೊಂದು ಸಲ ಹೇಳಬೇಕು. ಸದ್ಯಕ್ಕೆ, ಕಿಟ್ಟೆಲ್ಲರ ಕೋಶವು ಮನೆಯಲ್ಲಿರುವ ಶ್ರೋತೃಗಳು ಒಂದು ಸಂಜೆ ಅದನ್ನು ತೆರೆದು, ದಿನಬಳಕೆಯ ನಾಲ್ಕಾರು ಮಾತುಗಳನ್ನು ಹುಡುಕಿ ನೋಡಬಹುದು. ಒಂದೆಡೆ ಗಾದೆ, ಒಂದೆಡೆ ಕೇಶಿರಾಜನ ಸೂತ್ರ. ಅವುಗಳ ನಡುವೆ, ಪದದ ಅರ್ಥಕ್ಕೆ ಸಾಕ್ಷಿ ಹೇಳುತ್ತ, ದಾಸರ ಪದದ ತುಣುಕೊಂದು ನಿಂತಿರುತ್ತದೆ.