ಕೃತಿಯಲ್ಲಿ ಬೆಳಗಿದ ವಿಶ್ವಾಸ

ವಿಶ್ವಾಸವು ಬಾಯಿಮಾತಿನಲ್ಲಿಯೇ ನಿಂತರೆ ಅದು ಪ್ರಾಣವಿಲ್ಲದ ದೇಹದಂತೆ ಎಂಬುದು ಸಂತ ಯಕೋಬರ ಬೋಧನೆ. ಎಲಿಜಬೇತಮ್ಮನವರು ಗರ್ಭವತಿಯೆಂದು ತಿಳಿದೊಡನೆ ಮಾತೆ ಮರಿಯಮ್ಮನವರು ತಡಮಾಡದೆ ಬೆಟ್ಟದ ಸೀಮೆಗೆ ಹೊರಟರು. ಅದೇ ತ್ವರೆಯನ್ನೂ ಉದ್ದೇಶವನ್ನೂ ನಮ್ಮ ಕನ್ನಡ ನಾಡಿನಲ್ಲಿ ಬಾಳಿ ತೋರಿಸಿದವರು ಮಂಗಳೂರಿನ ವಂದನೀಯ ಫಾದರ್ ಆಗಸ್ಟಸ್ ಮುಲ್ಲರ್.

ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ 1841ರಲ್ಲಿ ಜನಿಸಿದ ಈ ಯೇಸುಸಭೆಯ ಗುರುಗಳು 1878ರ ವರ್ಷಾಂತ್ಯದಲ್ಲಿ ಮಂಗಳೂರಿಗೆ ಬಂದರು. ಅವರಿಗೆ ವಹಿಸಲಾದ ಕೆಲಸ ಅಧ್ಯಾಪನ. ಆದರೆ ಬಡ ರೋಗಿಗಳ ಸಂಕಟ ಕಣ್ಣಿಗೆ ಬಿದ್ದ ಮೇಲೆ ಅವರು ಸುಮ್ಮನಿರಲಿಲ್ಲ. ಕಟ್ಟಡಕ್ಕಾಗಲಿ ದೊಡ್ಡ ನಿಧಿಗಾಗಲಿ ಕಾಯದೆ, ತಮಗೆ ತಿಳಿದಿದ್ದ ಹೋಮಿಯೋಪಥಿ ಔಷಧಿಗಳನ್ನೇ 1880ರಲ್ಲಿ ಕಂಕನಾಡಿಯಲ್ಲಿ ಹಂಚತೊಡಗಿದರು. ಆಲದ ಮರದ ನೆರಳೇ ಅವರ ಮೊದಲ ಔಷಧಾಲಯವೆಂದು ಹಿರಿಯರು ಹೇಳುತ್ತಾರೆ.

ಕುಷ್ಠರೋಗಿಗಳನ್ನು ಬಂಧುಗಳೇ ಮನೆಯಿಂದ ಹೊರಗಟ್ಟುತ್ತಿದ್ದ ಕಾಲವದು. ಆ ರೋಗಕ್ಕೆ ಫಲಕಾರಿಯಾದ ಮದ್ದು ದೊರೆತದ್ದು 1940ರ ದಶಕದಲ್ಲಿ. ಗುಣಪಡಿಸಲು ಸಾಧ್ಯವಿಲ್ಲವೆಂದು ಫಾದರ್ ಮುಲ್ಲರರು ಕೈಚೆಲ್ಲಲಿಲ್ಲ. 1890ರಲ್ಲಿ ಅವರಿಗಾಗಿ ಆಶ್ರಯಧಾಮವನ್ನು ತೆರೆದರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮಾರಿ ಮಂಗಳೂರನ್ನೂ ಮುಟ್ಟಿದಾಗ, 1902ರಲ್ಲಿ ಪ್ಲೇಗು ಆಸ್ಪತ್ರೆಯೂ ಎದ್ದಿತು. ಜನರು ಹೆದರಿ ದೂರ ಸರಿಯುತ್ತಿದ್ದ ರೋಗಿಗಳ ಬಳಿಗೆ ಅವರು ಹತ್ತಿರವಾದರು.

ಅವರದು ಕ್ಷಣಿಕ ಆವೇಶದ ಕರುಣೆಯಾಗಿರಲಿಲ್ಲ. ಔಷಧಿಗಳನ್ನು ಸಿದ್ಧಪಡಿಸಿ ದೂರದೂರದ ಊರುಗಳಿಗೆ ಕಳುಹಿಸುವ ವ್ಯವಸ್ಥೆಯನ್ನು ಕಟ್ಟಿದರು. ಅದರ ಆದಾಯವನ್ನು ಬಡರೋಗಿಗಳ ಶುಶ್ರೂಷೆಗೆ ವಿನಿಯೋಗಿಸಿದರು. ಆದುದರಿಂದಲೇ 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ದೈವಾಧೀನರಾದ ಮೇಲೂ ಆ ಸೇವೆ ನಿಲ್ಲಲಿಲ್ಲ. ಮಂಗಳೂರು ಧರ್ಮಪ್ರಾಂತದ ಆಶ್ರಯದಲ್ಲಿ ಅದು ಇಂದು ಆಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜುಗಳಾಗಿ ಬೆಳೆದಿದೆ.

ಶತಮಾನೋತ್ಸವದ ಈ ಶುಭವೇಳೆಯಲ್ಲಿ ನಾವು ಹಿರಿಯರು ಕಟ್ಟಿದ ದೇವಾಲಯವನ್ನು ಅಭಿಮಾನದಿಂದ ನೋಡುತ್ತೇವೆ. ಆದರೆ ಬಲಿಪೂಜೆ ಮುಗಿಸಿ ಅದರ ಬಾಗಿಲು ದಾಟಿದಾಗ ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರು, ಶುಲ್ಕ ಕಟ್ಟಲಾಗದ ಮಕ್ಕಳು, ಮದ್ದಿಗೆ ಹಣವಿಲ್ಲದ ರೋಗಿಗಳು ನಮ್ಮ ಕಣ್ಣಿಗೆ ಬೀಳುತ್ತಾರೆಯೇ? ಬಿದ್ದರೂ, ಸಮಿತಿಯ ಸಭೆ ಸೇರಲಿ, ನಿಧಿ ಕೂಡಲಿ ಎಂದು ನಾವು ದಿನ ದೂಡುತ್ತೇವೆಯೇ? ಕಂಕನಾಡಿಯ ಗುರುಗಳು ಕೈಯಲ್ಲಿದ್ದುದರಿಂದ ಆರಂಭಿಸಿದರು. ಉಳಿದುದನ್ನು ದೇವರು ಕೂಡಿಸಿಕೊಟ್ಟರು. ನಮ್ಮ ದೇವಾಲಯದ ಎರಡನೆಯ ಶತಮಾನವೂ ಹಾಗೆಯೇ ಆರಂಭವಾಗಲೆಂದು ಪ್ರಾರ್ಥಿಸೋಣ. ಪ್ರಾರ್ಥಿಸಿ, ಎದ್ದು ಹೊರಡೋಣ.