ಫ್ಲಾರೆನ್ಸ್ ನೈಟಿಂಗೇಲ್ ಪದಕ

ಯುದ್ಧ ಮತ್ತು ವಿಪತ್ತಿನ ಕಾಲದಲ್ಲಿ ಗಾಯಾಳುಗಳನ್ನೂ ರೋಗಿಗಳನ್ನೂ ಅಸಾಧಾರಣ ಧೈರ್ಯದಿಂದ ಆರೈಕೆ ಮಾಡಿದ ದಾದಿಯರಿಗೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ನೀಡುವ ಸ್ಮಾರಕ ಪದಕ. ಶುಶ್ರೂಷಾ ಕ್ಷೇತ್ರದ ಅತ್ಯುನ್ನತ ಅಂತರರಾಷ್ಟ್ರೀಯ ಗೌರವ ಎಂದು ಮಾನ್ಯವಾಗಿದೆ.

ಪದಕ ಹುಟ್ಟಿದ ವರ್ಷವನ್ನು ಕೆಲವರು 1907 ಎಂದೂ ಕೆಲವರು 1912 ಅಥವಾ 1920 ಎಂದೂ ಬರೆಯುತ್ತಾರೆ. 1907ರ ಲಂಡನ್ ರೆಡ್‌ಕ್ರಾಸ್ ಸಮ್ಮೇಳನದಲ್ಲಿ ಒಪ್ಪಿಗೆ ಸಿಕ್ಕಿದ್ದು ಆಲೋಚನೆಗೆ ಮಾತ್ರ. ಆಗ ಆಧುನಿಕ ಶುಶ್ರೂಷೆಯ ಪ್ರವರ್ತಕಿ ನೈಟಿಂಗೇಲ್ ಇನ್ನೂ ಬದುಕಿದ್ದರು. 1910ರ ಆಗಸ್ಟ್ 13ರಂದು ಅವರು ತೀರಿಕೊಂಡರು. ಪದಕ ವಿಧಿವತ್ತಾಗಿ ಸ್ಥಾಪನೆಯಾದದ್ದು 1912ರಲ್ಲಿ, ವಾಷಿಂಗ್ಟನ್ ಸಮ್ಮೇಳನ ನಡೆದ ವರ್ಷ. ಆದ್ದರಿಂದ 1912ನ್ನೇ ಸ್ಥಾಪನೆಯ ವರ್ಷವೆಂದು ಹಿಡಿಯುವುದು ಸರಿ. ತರಬೇತಿ ಪಡೆದ ಆರು ಮಂದಿ ದಾದಿಯರಿಗೆ ವರ್ಷಕ್ಕೊಮ್ಮೆ ಕೊಡಬೇಕೆಂಬುದು ಮೂಲ ನಿಯಮ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಮೊದಲ ಪ್ರದಾನ 1920ರವರೆಗೆ ತಡವಾಯಿತು. ಆರರ ಲೆಕ್ಕವೂ ಉಳಿಯಲಿಲ್ಲ. ಆ ವರ್ಷ ಒಮ್ಮೆಗೇ 40ಕ್ಕೂ ಹೆಚ್ಚು ದಾದಿಯರನ್ನು ಗೌರವಿಸಲಾಯಿತು. ಬೆಲ್‌ಗ್ರೇಡ್‌ನಲ್ಲಿ ದುಡಿದ ಅಮೆರಿಕದ ಮೇರಿ ಗ್ಲ್ಯಾಡ್ವಿನ್, ಜಪಾನ್ ರೆಡ್‌ಕ್ರಾಸ್‌ನ ಹಗಿವಾರಾ ತಾಕೆ ಅವರಲ್ಲಿದ್ದರು. 

ಪದಕ ಬಾದಾಮಿಯಾಕಾರದ್ದು, ಚಿನ್ನದ ಲೇಪವುಳ್ಳ ಬೆಳ್ಳಿಯದು. ಮುಂಬದಿಯಲ್ಲಿ ದೀಪ ಹಿಡಿದ ನೈಟಿಂಗೇಲ್, ಅಂಚಿನುದ್ದಕ್ಕೂ ಅವರ ಹೆಸರೂ 1820–1910 ಎಂಬ ವರ್ಷಗಳೂ ಇರುವ ಲ್ಯಾಟಿನ್ ಸ್ಮರಣವಾಕ್ಯ. ಹಿಂಬದಿಯ ನಡುವೆ ಪುರಸ್ಕೃತರ ಹೆಸರು ಕೆತ್ತಿರುತ್ತದೆ. ಬಿಳಿ–ಕೆಂಪು ಪಟ್ಟಿಗೆ ಸೇರಿಸುವ ಕೊಂಡಿಯಲ್ಲಿ ಹಸಿರು ಎಲೆಯ ಮಾಲೆಯೊಳಗೆ ಕೆಂಪು ಶಿಲುಬೆ.

ಎರಡನೆಯ ಮಹಾಯುದ್ಧದ ಪುರಸ್ಕೃತರಲ್ಲಿ ಆಸ್ಟ್ರೇಲಿಯಾದ ವಿವಿಯನ್ ಬುಲ್‌ವಿಂಕಲ್ ಅವರನ್ನು ಹೆಸರಿಸದೆ ಮುಂದೆ ಹೋಗಲಾಗದು. 1942ರ ಫೆಬ್ರುವರಿಯಲ್ಲಿ ಬಂಕಾ ದ್ವೀಪದ ಕಡಲತೀರದಲ್ಲಿ ಜಪಾನಿ ಸೈನಿಕರು 22 ದಾದಿಯರನ್ನು ನೀರಿಗಿಳಿಸಿ ಹಿಂದಿನಿಂದ ಗುಂಡು ಹಾರಿಸಿದರು. ಆ ದಾದಿಯರಲ್ಲಿ ಬದುಕುಳಿದವರು ಬುಲ್‌ವಿಂಕಲ್ ಒಬ್ಬರೇ. ಮೂರೂವರೆ ವರ್ಷ ಸೆರೆಯಲ್ಲಿದ್ದು ಬಂದ ಅವರು ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ಸಾಕ್ಷಿ ಹೇಳಿದರು. 1947ರಲ್ಲಿ ಪದಕ ಪಡೆದರು.

ನಿಯಮಗಳಿಗೆ ಹಲವು ಬಾರಿ ತಿದ್ದುಪಡಿಯಾಗಿದೆ. 1991ರ ಪರಿಷ್ಕರಣೆಯೇ ಮುಖ್ಯವಾದದ್ದು: ಅದರಂತೆ ಪುರುಷರೂ ಆರೈಕೆಯ ಸ್ವಯಂಸೇವಕರೂ ಅರ್ಹರು, ಸಾರ್ವಜನಿಕ ಆರೋಗ್ಯ, ಶುಶ್ರೂಷಾ ಶಿಕ್ಷಣದಲ್ಲಿ ಹೊಸ ದಾರಿ ತೋರಿದವರಿಗೂ ಅವಕಾಶವಿದೆ. ಈಗ ಎರಡು ವರ್ಷಕ್ಕೊಮ್ಮೆ ಹೆಚ್ಚೆಂದರೆ 50 ಪದಕ. ಕರ್ತವ್ಯದಲ್ಲಿದ್ದಾಗ ಮಡಿದವರಿಗೆ ಮರಣೋತ್ತರವಾಗಿ ಕೊಡಬಹುದು. 1996ರ ಡಿಸೆಂಬರ್ 17ರಂದು ಚೆಚನ್ಯಾದ ನೋವ್ಯೆ ಅಟಾಗಿ ರೆಡ್‌ಕ್ರಾಸ್ ಆಸ್ಪತ್ರೆಗೆ ಬಂದೂಕುಧಾರಿಗಳು ನುಗ್ಗಿ ಆರು ಸಿಬ್ಬಂದಿಯನ್ನು ಕೊಂದರು. ಅವರಲ್ಲೊಬ್ಬರಾದ ನ್ಯೂಜಿಲೆಂಡಿನ ದಾದಿ ಶೆರಿಲ್ ಥೇಯರ್ ಅವರಿಗೆ ಈ ಗೌರವ ಸಂದಿತು.

ಭಾರತದಲ್ಲಿ ಈ ಪದಕವನ್ನೂ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯನ್ನೂ ಒಂದೆಂದು ಭಾವಿಸುವುದುಂಟು. ಎರಡರಲ್ಲೂ ನೈಟಿಂಗೇಲ್ ಅವರದೇ ಹೆಸರು, ಎರಡಕ್ಕೂ ಅವರ ಹುಟ್ಟುಹಬ್ಬವಾದ ಮೇ 12ರ ನಂಟು. ಆದರೆ ರಾಷ್ಟ್ರೀಯ ಪ್ರಶಸ್ತಿಯನ್ನು ಕೇಂದ್ರ ಆರೋಗ್ಯ ಇಲಾಖೆ 1973ರಲ್ಲಿ ಸ್ಥಾಪಿಸಿತು. ದೇಶದ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ದಾದಿಯರಿಗೆ, ಸಹಾಯಕ ದಾದಿಯರಿಗೆ ರಾಷ್ಟ್ರಪತಿಗಳು ಅದನ್ನು ಪ್ರದಾನ ಮಾಡುತ್ತಾರೆ. ಅದಕ್ಕೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಆಯ್ಕೆಯೊಂದಿಗೆ ಸಂಬಂಧವಿಲ್ಲ.