ಜಗಲಿಯೋ ಶೆಡ್ಡೋ: ಬೀಡಿ ಕೆಲಸದ ಏರ್ಪಾಡು ಮತ್ತು ಕಾರ್ಮಿಕರ ದೇಹ

ಇವತ್ತು ನಾನು ಹೇಳುವುದು ಒಂದೇ ಮಾತು. ಕೆಲಸದಿಂದ ಬರುವ ಕಾಯಿಲೆಗೆ, ಚಿಂತೆಗೆ ಕಚ್ಚಾವಸ್ತು ಮಾತ್ರ ಕಾರಣವಲ್ಲ. ಆ ಕೆಲಸವನ್ನು ಎಲ್ಲಿ, ಹೇಗೆ ಏರ್ಪಡಿಸಿದ್ದಾರೆ ಎನ್ನುವುದೂ ಕಾರಣ. ಉದಾಹರಣೆಗೆ ನಮ್ಮ ಗಡಿನಾಡಿನ ಬೀಡಿ.

ಮೊದಲು ಸ್ವಲ್ಪ ಇತಿಹಾಸ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಕಣ್ಣೂರು ಜಿಲ್ಲೆಯೊಳಗಿತ್ತು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ತಂದಿತು. ಕೆಲಸದ ಜಾಗದಲ್ಲಿ ಗಾಳಿ, ಬೆಳಕು, ದಿನಕ್ಕೆ 9 ಗಂಟೆ ಮತ್ತು ವಾರಕ್ಕೆ 48 ಗಂಟೆಯ ಮಿತಿ, ವಾರದ ರಜೆ, ಇವೆಲ್ಲ ಅದರಲ್ಲಿದ್ದವು. ಕೇರಳ 1968ರಲ್ಲಿ ಇದನ್ನು ಜಾರಿ ಮಾಡಲು ಹೊರಟಾಗ ಮಂಗಳೂರು ಗಣೇಶ್ ಬೀಡಿ ಕಣ್ಣೂರಿನ ತನ್ನ ಶೆಡ್ಡುಗಳನ್ನು ಮುಚ್ಚಿತು. ಸುಮಾರು 12,000 ಮಂದಿ ಕೆಲಸ ಕಳಕೊಂಡರು. ಅದರ ಬೆನ್ನಿಗೇ, 1969ರ ಫೆಬ್ರವರಿಯಲ್ಲಿ, ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು.

ದಿನೇಶ್‌ನಲ್ಲೂ ಅದೇ ಹೊಗೆಸೊಪ್ಪು, ಲೆಕ್ಕಕ್ಕೆ ತಕ್ಕ ಕೂಲಿ. ಆದರೆ ಅಲ್ಲಿ ಕೆಲಸಕ್ಕೆ ಹೊತ್ತುಗೊತ್ತು ಇತ್ತು, ರಜೆ ಇತ್ತು, ಭವಿಷ್ಯನಿಧಿ ಇತ್ತು. ಒಬ್ಬರು ಪತ್ರಿಕೆ ಓದಿ ಹೇಳುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು, ಇದು ಕಣ್ಣೂರಿನ ಬೀಡಿ ಶೆಡ್ಡುಗಳ ಹಳೆಯ ಪದ್ಧತಿ.

ಇನ್ನು ನಮ್ಮ ಜಗಲಿಗೆ ಬನ್ನಿ. ನಮ್ಮ ದೊಡ್ಡಮ್ಮ ಅಡುಗೆ, ದನದ ಕೆಲಸ ಮುಗಿಸಿ ಗೆರಸೆ ಹಿಡಿದು ಕೂತರೆ ರಾತ್ರಿಯಾದರೂ ಏಳುತ್ತಿರಲಿಲ್ಲ. "ಮನೆಯಲ್ಲೇ ಕೂತು ಮಾಡುವ ಕೆಲಸ, ಆರಾಮ" ಅಂತ ಊರವರು ಹೇಳ್ತಿದ್ದರು. ಆರಾಮ ಎಲ್ಲಿ? ಎಲೆ ತೂಗಿ ಕೊಡುವವರು ಬ್ರಾಂಚಿನವರು. ಎಲೆ ಹಾಳಿದ್ದರೆ ಲೆಕ್ಕಕ್ಕೆ ಕಮ್ಮಿಯಾದದ್ದನ್ನು ಇವರೇ ದುಡ್ಡು ಕೊಟ್ಟು ತುಂಬಿಸಬೇಕು. ಚೆಕ್ಕಿಂಗಿನಲ್ಲಿ ತಿರಸ್ಕರಿಸಿದರೆ ಕೂಲಿ ಇಲ್ಲ. ಕುತ್ತಿಗೆ ನೋವು, ಸೊಂಟ ನೋವು, ಕೆಮ್ಮು ಮಾತ್ರ ಇವರದ್ದು. ಹೊಗೆಸೊಪ್ಪಿನ ಧೂಳು ಪಕ್ಕದಲ್ಲಿ ಮಲಗಿದ ಮಕ್ಕಳಿಗೂ ಹೋಗುತ್ತಿತ್ತು.

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು: ಕೆಲಸದ ಒತ್ತಡ ಹೆಚ್ಚಿದ್ದು, ನಿರ್ಧಾರದ ಸ್ವಾತಂತ್ರ್ಯ ಕಮ್ಮಿಯಿದ್ದರೆ ಮನಸ್ಸಿನ ಮೇಲೆ ಬೀಳುವ ಭಾರ ಅತಿ ಹೆಚ್ಚು. ಜಗಲಿಯ ಬೀಡಿಗೆ ಇದನ್ನು ಹಚ್ಚಿ ನೋಡಿ. ಯಾವಾಗ ಕೂರಬೇಕು ಎಂಬುದು ಇವರ ಕೈಯಲ್ಲಿದ್ದಂತೆ ಕಾಣುತ್ತದೆ. ಎಲೆ, ತೂಕ, ತಪಾಸಣೆ, ದರ ಯಾವುದೂ ಇವರ ಕೈಯಲ್ಲಿಲ್ಲ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ ಇರುವಾಗ ವಿಶ್ರಾಂತಿ ಅಂದರೆ ನಷ್ಟ. ಕಾನೂನಿನ ಗಂಟೆಯ ಮಿತಿ ಶೆಡ್ಡಿನ ಬಾಗಿಲಲ್ಲೇ ನಿಲ್ಲುತ್ತದೆ.

ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಅಂತ 1966ರ ಆ ಕಾಯ್ದೆ ಹೇಳುತ್ತಿತ್ತು. 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆಯೂ ಬಂತು. ಆದರೆ ಹೆಸರು ಪುಸ್ತಕದಲ್ಲಿದ್ದರೆ ಮಾತ್ರ ಸೌಲಭ್ಯ. ಎಷ್ಟೋ ಮನೆಯಲ್ಲಿ ಪುಸ್ತಕ ಒಬ್ಬರ ಹೆಸರಿಗೆ, ಕಟ್ಟುವ ಕೈ ಮೂರು ಜನರದ್ದು. ಲೆಕ್ಕಕ್ಕೆ ಸಿಗದ ಆ ಕೈಗಳ ನೋವು ಇತಿಹಾಸಕ್ಕೂ ಸಿಗಲಿಲ್ಲ.

ಅದಕ್ಕೆ ವಿದ್ಯಾರ್ಥಿ ಗೆಳೆಯರಲ್ಲಿ ಒಂದು ವಿನಂತಿ. ಮುಷ್ಕರ, ಸಂಘಗಳ ಕಡತಗಳ ಜೊತೆಗೆ ಮನೆಯ ಅಟ್ಟದಲ್ಲಿರುವ ಬೀಡಿ ಪುಸ್ತಕಗಳನ್ನೂ ತೆಗೆದು ನೋಡಿ. ಕಟ್ಟಿದವರು ಇದ್ದಾರೆ, ಅವರ ಹತ್ತಿರ ಈಗಲೇ ಕೇಳಿ. ಇಲ್ಲಿಗೆ ನಿಲ್ಲಿಸ್ತೇನೆ, ಪ್ರಶ್ನೆಗಳಿದ್ದರೆ ಮಾತಾಡುವ.